ಎಣ್ಣೆ ಬೇಡ, ಬಿಸಿಲು ಬೇಡ, ಕರೆಂಟ್ ಮಾತ್ರ ಬರ್ತದ: ನಂಬೋದು ಹ್ಯಾಂಗ?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ ಇಲ್ಲಿದೆ. ಮಾತಿನ ಧಾಟಿಯನ್ನು ಆದಷ್ಟೂ ಹಾಗೇ ಉಳಿಸಿಕೊಂಡಿದ್ದೇವೆ.)



ಈ ವಾರದ ಪ್ರಶ್ನೆ ಇದು. ಒಂದು ಕಂಪನಿಯವರು ಬಂದು, "ನಮ್ಮ ಹತ್ರ ಜಗತ್ತನ್ನೇ ಬದಲಾಯಿಸೋ ವಿದ್ಯುತ್ ತಂತ್ರಜ್ಞಾನ ಇದೆ, ದುಡ್ಡು ಹಾಕಿ" ಅಂದರೆ, ಅದು ನಿಜವೋ ಸುಳ್ಳೋ ಅಂತ ನಾವು ಪರೀಕ್ಷೆ ಮಾಡೋದು ಹೇಗೆ? ನಾನು ವಿಜ್ಞಾನಿ ಅಲ್ಲ. ಬಿ.ಎಸ್‌ಸಿ. ಓದಿ ಸುದ್ದಿ ಕೆಲಸಕ್ಕೆ ಬಂದವನು. ಆದರೆ ಈ ಪ್ರಶ್ನೆ ನಮ್ಮ ಮನೆ ಬಾಗಿಲಿಗೇ ಬಂತು. ಹಾಗಾಗಿ ಉತ್ತರ ಹುಡುಕಲೇಬೇಕಾಯಿತು.

ಕಾಕಾನ ಫೋನು

ನಮ್ಮೂರು ಗೊಳಸಂಗಿ. ವಿಜಯಪುರ ಜಿಲ್ಲೆ, ಬಸವನಬಾಗೇವಾಡಿ ಸೀಮೆ. ಪಕ್ಕದಲ್ಲೇ ಕೂಡಗಿ. ಅಲ್ಲಿನ ಎನ್‌ಟಿಪಿಸಿ ಉಷ್ಣ ವಿದ್ಯುತ್ ಸ್ಥಾವರದ ಹೆಸರು ನೀವು ಕೇಳಿರ್ತೀರಿ. 800 ಮೆಗಾವ್ಯಾಟ್‌ನ 3 ಘಟಕ, ಒಟ್ಟು 2400 ಮೆಗಾವ್ಯಾಟ್. ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ, ನೀರು ಆಲಮಟ್ಟಿಯಿಂದ ಬರುತ್ತದೆ. ನಮ್ಮ ಹೊಲದಲ್ಲಿ ನಿಂತರೆ ಅದರ ಚಿಮಣಿ ಕಾಣುತ್ತದೆ.

ಚಿಮಣಿ ಕಂಡ ಮಾತ್ರಕ್ಕೆ ಮೋಟರಿಗೆ ಬೇಕಾದಾಗ ಕರೆಂಟ್ ಸಿಗುತ್ತದೆ ಅಂತೇನಿಲ್ಲ. ಸ್ಥಾವರದ ವಿದ್ಯುತ್ತು ದೊಡ್ಡ ಜಾಲಕ್ಕೆ ಹೋಗುತ್ತದೆ. ಯಾವ ಹೊಲಕ್ಕೆ ಎಷ್ಟು ಹೊತ್ತಿಗೆ ಅನ್ನೋದು ಬೇರೆಯೇ ಲೆಕ್ಕ. ಪಂಪ್‌ಸೆಟ್ಟಿನ ತ್ರೀಫೇಸ್‌ಗೆ ಪಾಳಿ ಇರುತ್ತದೆ. ರಾತ್ರಿ ಪಾಳಿ ಬಂದರೆ ನಮ್ಮ ಕಾಕಾ ಬ್ಯಾಟರಿ ಹಿಡಿದು, ಹಾವು ಚೇಳು ನೋಡಿಕೊಂಡು, ತೊಗರಿ ಹೊಲಕ್ಕೆ ನೀರು ಹಾಯಿಸಲು ಹೋಗಬೇಕು.

ಇಂಥ ಕಾಕಾ ಒಂದು ರಾತ್ರಿ ಫೋನ್ ಮಾಡಿದರು.

"ತಮ್ಮಾ, ಒಂದ್ ಕಂಪನಿ ಬಂದದ. ಜನರೇಟರ್ ಅದ. ಡೀಸೆಲ್ ಬ್ಯಾಡ, ಬಿಸಿಲ್ ಬ್ಯಾಡ, ತನ್ನಷ್ಟಕ್ಕ ತಾನ ಕರೆಂಟ್ ಮಾಡ್ತದ. ತಾಲ್ಲೂಕಿಗೆ ಒಬ್ಬರಿಗೇ ಏಜೆನ್ಸಿ ಕೊಡ್ತಾರಂತ. 2 ಲಕ್ಷ ಡಿಪಾಸಿಟ್."

"ಕಾಕಾ, ರೊಕ್ಕ ಏನರ ಕೊಟ್ಟೀರೇನು?"

ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "20 ಸಾವಿರ ಅಡ್ವಾನ್ಸ್ ಹಾಕೀನಿ. ಫೋನ್‌ನಾಗ."

ಉಳಿದ 1 ಲಕ್ಷ 80 ಸಾವಿರ ಎಲ್ಲಿಂದ ಬರಬೇಕಿತ್ತು ಅಂತ ನನಗೆ ಗೊತ್ತಿತ್ತು. ತೊಗರಿ ಮಾರಿ ಬಂದ ಹಣ, ತಂಗಿಯ ಕಾಲೇಜು ಫೀಸಿಗೆ ಅಂತ ಎತ್ತಿಟ್ಟದ್ದು. ಮುಂದಿನ ರವಿವಾರ ವಿಜಯಪುರದ ಒಂದು ಕಲ್ಯಾಣ ಮಂಟಪದಲ್ಲಿ ಡೆಮೊ ಇತ್ತು. ನಾನೂ ಜೊತೆಗೆ ಹೋದೆ.

ಪೆಟ್ಟಿಗೆಯೊಳಗಿನ ಲೆಕ್ಕ

ವೇದಿಕೆ ಮೇಲೆ ಒಂದು ಕಬ್ಬಿಣದ ಪೆಟ್ಟಿಗೆ. ಪಕ್ಕದ ಹಲಗೆಯಲ್ಲಿ 10 ಎಲ್‌ಇಡಿ ಬಲ್ಬು. ಪೆಟ್ಟಿಗೆಯೊಳಗೆ ಒಂದು ಬ್ಯಾಟರಿ, ಅದರಿಂದ ತಿರುಗೋ ಮೋಟರ್, ಮೋಟರಿನಿಂದ ಬೆಲ್ಟ್ ಮೂಲಕ ತಿರುಗೋ ಆಲ್ಟರ್ನೇಟರ್. ಆಲ್ಟರ್ನೇಟರ್ ಮಾಡಿದ ಕರೆಂಟು ಬಲ್ಬಿಗೂ ಹೋಗುತ್ತದೆ, ವಾಪಸ್ ಬ್ಯಾಟರಿಗೂ ಹೋಗುತ್ತದೆ. "ಬ್ಯಾಟರಿ ಬರೀ ಸ್ಟಾರ್ಟ್ ಮಾಡೋಕೆ. ಆಮೇಲೆ ತನ್ನನ್ನು ತಾನೇ ಚಾರ್ಜ್ ಮಾಡಿಕೊಳ್ತದೆ" ಅಂತ ಕೋಟು ಹಾಕಿದವರು ಹೇಳಿದರು. ಗುಂಡಿ ಒತ್ತಿದರು. ಬಲ್ಬು ಹತ್ತಿದವು. ಚಪ್ಪಾಳೆ. ಒಂದು ಗಂಟೆ ಆದರೂ ಬಲ್ಬು ಆರಲಿಲ್ಲ.

ನಿಜ ಹೇಳ್ತೀನಿ, ಅಲ್ಲಿ ಕೂತಾಗ ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಕಣ್ಣೆದುರೇ ಉರೀತಿದೆಯಲ್ಲ! ಆಮೇಲೆ ಮೊಬೈಲ್‌ನಲ್ಲಿ ಕ್ಯಾಲ್ಕುಲೇಟರ್ ತೆಗೆದೆ. ನೀವೂ ನನ್ನ ಜೊತೆ ಲೆಕ್ಕ ಹಾಕಿ.

9 ವ್ಯಾಟ್‌ನ 10 ಬಲ್ಬು ಅಂದರೆ 90 ವ್ಯಾಟ್. 12 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ತುಂಬಿಟ್ಟ ಶಕ್ತಿ 1200 ವ್ಯಾಟ್-ಅವರ್, ಅಂದರೆ 1.2 ಯೂನಿಟ್. ಮೋಟರಿನಲ್ಲಿ ಒಂದಷ್ಟು, ಬೆಲ್ಟಿನಲ್ಲಿ ಒಂದಷ್ಟು, ಆಲ್ಟರ್ನೇಟರಿನಲ್ಲಿ ಒಂದಷ್ಟು ಪೋಲಾಗಲಿ. ಆದರೂ ಆ ಬಲ್ಬು 8-9 ಗಂಟೆ ಉರಿಯಬಹುದು. ಒಂದು ಗಂಟೆಯ ಡೆಮೊ ಹಾಗಿದ್ದರೆ ಏನನ್ನು ಸಾಬೀತು ಮಾಡಿತು? ಪೆಟ್ಟಿಗೆಯೊಳಗೆ ಒಂದು ಚಾರ್ಜ್ ಆದ ಬ್ಯಾಟರಿ ಇತ್ತು ಅನ್ನೋದನ್ನು ಮಾತ್ರ.

"ತನ್ನನ್ನು ತಾನೇ ಚಾರ್ಜ್ ಮಾಡಿಕೊಳ್ತದೆ" ಅನ್ನೋ ಮಾತು? ಮೋಟರ್ 100 ತಗೊಂಡು 85 ಕೊಡುತ್ತದೆ ಅನ್ನಿ. ಆಲ್ಟರ್ನೇಟರ್ ಆ 85ರಲ್ಲಿ ಮತ್ತೆ ನೂರಕ್ಕೆ 85ರಂತೆ ಕೊಡುತ್ತದೆ ಅನ್ನಿ. ಕೊನೆಗೆ ಕೈಗೆ ಬರೋದು ಸುಮಾರು 72. ಅದರಲ್ಲೇ ಬಲ್ಬೂ ಉರಿಯಬೇಕು, ಬ್ಯಾಟರಿಯ 100 ಕೂಡ ತುಂಬಬೇಕು. ಆಗದ ಮಾತು. ಶಾಲೆಯಲ್ಲಿ ಓದಿದ ಶಕ್ತಿ ಸಂರಕ್ಷಣೆಯ ನಿಯಮ ಅಂದರೆ ಇಷ್ಟೇ: ಶಕ್ತಿ ಹುಟ್ಟೋದಿಲ್ಲ, ಸಾಯೋದಿಲ್ಲ, ರೂಪ ಬದಲಾಯಿಸುತ್ತದೆ. ರೂಪ ಬದಲಾಯಿಸುವಾಗ ಒಂದಷ್ಟು ಶಾಖವಾಗಿ ಸೋರಿಹೋಗುತ್ತದೆ. ಕೂಡಗಿಯಂಥ ಸೂಪರ್‌ಕ್ರಿಟಿಕಲ್ ಸ್ಥಾವರಗಳಲ್ಲೇ ಕಲ್ಲಿದ್ದಲಿನ ಶಾಖದಲ್ಲಿ ವಿದ್ಯುತ್ತಾಗೋದು ನೂರಕ್ಕೆ 40ರ ಆಸುಪಾಸು.

ಮೂರು ಬಗೆಯ ಮಾತು

ಊರಿಗೆ ಬಂದ ಮೇಲೆ ಇಂಥ ಕಂಪನಿಗಳ ಬಗ್ಗೆ ಓದುತ್ತಾ ಹೋದೆ. ನನಗೆ ಅರ್ಥವಾದದ್ದು, ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಇವುಗಳಲ್ಲಿ ಮೂರು ಬಗೆ ಇವೆ.

ಮೊದಲನೆಯದು, ಪ್ರಕೃತಿ ನಿಯಮಕ್ಕೇ ವಿರುದ್ಧವಾದದ್ದು. ಹಾಕಿದ್ದಕ್ಕಿಂತ ಹೆಚ್ಚು ಶಕ್ತಿ ಕೊಡುವ ಯಂತ್ರ ಈ ಗುಂಪಿನದು. ಐರ್ಲೆಂಡಿನ ಸ್ಟಿಯೋರ್ನ್ ಕಂಪನಿ 2006ರಲ್ಲಿ 'ದಿ ಇಕಾನಮಿಸ್ಟ್' ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಆಯಸ್ಕಾಂತಗಳಿಂದ ಪುಕ್ಕಟೆ ಶಕ್ತಿ ಪಡೆಯುತ್ತೇವೆ, ವಿಜ್ಞಾನಿಗಳು ಬಂದು ಪರೀಕ್ಷಿಸಲಿ ಎಂದು ಸವಾಲು ಹಾಕಿತು. 2007ರಲ್ಲಿ ಲಂಡನ್ನಿನಲ್ಲಿ ಇಟ್ಟ ಬಹಿರಂಗ ಪ್ರದರ್ಶನ ರದ್ದಾಯಿತು. 2009ರಲ್ಲಿ, ಕಂಪನಿಯೇ ಕರೆಸಿದ್ದ ತಜ್ಞರ ಸಮಿತಿ ಒಕ್ಕೊರಲಿನಿಂದ, ಶಕ್ತಿ ಉತ್ಪಾದನೆಯಾಗುವುದನ್ನು ಕಂಪನಿ ತೋರಿಸಿಲ್ಲ ಎಂದಿತು. ಅಷ್ಟಾದರೂ ಹೂಡಿಕೆದಾರರ ಹಣದಲ್ಲಿ ಅದು ಇನ್ನೂ ಹಲವು ವರ್ಷ ನಡೆಯಿತು.

ನಮ್ಮ ರಾಜ್ಯದ ನಂಟು ಇರುವ ಉದಾಹರಣೆಯೂ ಇದೆ. ಕಾರವಾರದ ಕೈಗಾ ಅಣು ವಿದ್ಯುತ್ ಯೋಜನೆಯ ಹೊಣೆ ಹೊತ್ತಿದ್ದ ಹಿರಿಯ ಎಂಜಿನಿಯರ್ ಪರಮಹಂಸ ತಿವಾರಿ, ತಾವು ರೂಪಿಸಿದ ಜನರೇಟರ್ ಕೊಟ್ಟದ್ದಕ್ಕಿಂತ ಹೆಚ್ಚು ವಿದ್ಯುತ್ತು ಹೊರಗೆ ಕೊಡುತ್ತದೆ ಎಂದು ವರ್ಷಗಟ್ಟಲೆ ಹೇಳಿದರು. ಅವರು ಮೋಸಗಾರರಲ್ಲ. ತಮ್ಮ ಸಿದ್ಧಾಂತವನ್ನು ಮನಸಾರೆ ನಂಬಿದ್ದವರು. ಇಲ್ಲಿ ನಾವು ಕಲಿಯಬೇಕಾದ್ದು ಇದನ್ನೇ. ಹೇಳುವವರು ಪ್ರಾಮಾಣಿಕರು, ಓದಿದವರು, ದೊಡ್ಡ ಹುದ್ದೆಯಲ್ಲಿದ್ದವರು ಅನ್ನೋದು ಯಂತ್ರ ಕೆಲಸ ಮಾಡುತ್ತದೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ಅಂಥ ಜನರೇಟರ್ ನಿಜವಾಗಿದ್ದರೆ ಇಷ್ಟೊತ್ತಿಗೆ ಕೂಡಗಿಗೆ ಕಲ್ಲಿದ್ದಲು ರೈಲು ಬರುವುದು ನಿಲ್ಲಬೇಕಿತ್ತು.

ಹಾಗಾದರೆ ಪ್ರಾಮಾಣಿಕರೂ ಎಡವೋದು ಎಲ್ಲಿ? ಬಹಳ ಸಲ ಅಳತೆಯಲ್ಲಿ. ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್ ಅಂತ ಕಲಿತಿದ್ದೇವೆ. ಬ್ಯಾಟರಿಯ ಡಿಸಿ ಕರೆಂಟಿಗೆ ಅದು ಸರಿ. ಎಸಿಯಲ್ಲಿ ವೋಲ್ಟೂ ಆಂಪಿಯರೂ ಅಲೆಯ ಹಾಗೆ ಏರಿಳೀತವೆ. ಎರಡೂ ಒಟ್ಟಿಗೆ ಏರದೇ ಒಂದು ಮುಂದೆ ಒಂದು ಹಿಂದೆ ಆದರೆ, ಬರೀ ಗುಣಾಕಾರ ನಿಜಕ್ಕಿಂತ ದೊಡ್ಡ ಅಂಕಿ ತೋರಿಸುತ್ತದೆ. ಈ ಹೊಂದಾಣಿಕೆಗೆ ಪವರ್ ಫ್ಯಾಕ್ಟರ್ ಅಂತಾರೆ. ಅದನ್ನು ಬಿಟ್ಟು ಲೆಕ್ಕ ಹಾಕಿದರೆ ಕಾಗದದ ಮೇಲೆ 'ಹೆಚ್ಚುವರಿ ಶಕ್ತಿ' ಹುಟ್ಟಿಬಿಡುತ್ತದೆ. ಸಾಕೆಟ್ಟಿಗೆ ಸಿಕ್ಕಿಸಿದರೆ ಬಿಲ್ ಅರ್ಧ ಆಗುತ್ತದೆ ಅಂತ ಮಾರುವ 'ಪವರ್ ಸೇವರ್' ಡಬ್ಬಿಯ ಗುಟ್ಟೂ ಇಲ್ಲೇ ಇದೆ. ಒಳಗಿರೋದು ಸಾಮಾನ್ಯವಾಗಿ ಒಂದು ಕೆಪಾಸಿಟರ್. ಅದು ಆಂಪಿಯರ್ ಅಂಕಿ ಇಳಿಸಿ ತೋರಿಸಬಹುದು. ಆದರೆ ಮನೆ ಮೀಟರ್ ಲೆಕ್ಕ ಹಿಡಿಯೋದು ಯೂನಿಟ್ಟನ್ನು. ಅದು ಇಳಿಯೋದಿಲ್ಲ.

ರೀಲ್ಸ್‌ನಲ್ಲಿ ಬರೋ 'ನೀರಿನಿಂದ ಓಡುವ ಬೈಕ್' ಕೂಡ ಇದೇ ಗುಂಪು. ಹೈಡ್ರೋಜನ್ ಉರಿದ ಮೇಲೆ ಉಳಿಯೋದೇ ನೀರು. ಅಂದರೆ ನೀರು ಒಂಥರಾ ಬೂದಿ. ಒಲೆಯ ಬೂದಿಯನ್ನು ಮತ್ತೆ ಒಲೆಗೆ ಹಾಕಿ ರೊಟ್ಟಿ ಬೇಯಿಸ್ತೀನಿ ಅಂದರೆ ಅವ್ವ ಏನಂತಾಳೆ? ನೀರನ್ನು ಒಡೆದು ಹೈಡ್ರೋಜನ್ ಮಾಡಬಹುದು. ಆದರೆ ಒಡೆಯೋಕೆ ಹಾಕುವ ಶಕ್ತಿ, ಉರಿಸಿದಾಗ ಸಿಗುವುದಕ್ಕಿಂತ ಯಾವಾಗಲೂ ಹೆಚ್ಚು.

ಬೆಂಗಳೂರಿನ ಎರಡು ಕಥೆ

ಎರಡನೆಯ ಬಗೆ ಬೇರೆ. ಪ್ರಕೃತಿ ನಿಯಮಕ್ಕೆ ವಿರುದ್ಧವಲ್ಲ, ಸಾಧ್ಯವಿದೆ, ಆದರೆ ಸಾಬೀತಾಗಿಲ್ಲ. ಸೂಪರ್‌ಕಂಡಕ್ಟರ್ ಸುದ್ದಿಗಳು ಈ ಗುಂಪಿಗೆ ಬರುತ್ತವೆ. ಕನ್ನಡ ಪುಸ್ತಕಗಳಲ್ಲಿ ಇದಕ್ಕೆ ಅತಿವಾಹಕ ಅಂತಾರೆ.

ನಿಮ್ಮ ಚಾರ್ಜರ್ ಬಿಸಿಯಾಗುತ್ತದಲ್ಲ, ಅದು ಪೋಲಾಗುತ್ತಿರುವ ವಿದ್ಯುತ್ತು. ತಂತಿಯಲ್ಲಿ ಕರೆಂಟು ಹರಿಯುವಾಗ ತಡೆ ಇರುತ್ತದೆ. ಆ ತಡೆಯಿಂದ ಶಾಖ ಹುಟ್ಟುತ್ತದೆ. ಕೆಲವು ವಸ್ತುಗಳನ್ನು ತುಂಬಾ ತಣ್ಣಗೆ ಮಾಡಿದರೆ ಈ ತಡೆ ಪೂರ್ತಿ ಸೊನ್ನೆಯಾಗುತ್ತದೆ. 1911ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ನೆಸ್ ಪಾದರಸವನ್ನು ಮೈನಸ್ 269 ಡಿಗ್ರಿಗೆ ಇಳಿಸಿ ಇದನ್ನು ಕಂಡರು. ಆಸ್ಪತ್ರೆಯ ಎಂಆರ್‌ಐ ಯಂತ್ರದೊಳಗೆ ಇಂಥ ತಂತಿಯೇ ಇರೋದು. ದ್ರವ ಹೀಲಿಯಂನಲ್ಲಿ ತಣ್ಣಗಿಡಬೇಕು, ಅದಕ್ಕೇ ಅಷ್ಟು ಖರ್ಚು. ಮಾಮೂಲಿ ತಾಪಮಾನದಲ್ಲೇ, ಮಾಮೂಲಿ ಒತ್ತಡದಲ್ಲೇ ಕೆಲಸ ಮಾಡುವ ಸೂಪರ್‌ಕಂಡಕ್ಟರ್ ಸಿಕ್ಕರೆ ಬಹಳಷ್ಟು ಬದಲಾಗುತ್ತದೆ. ಆದರೆ ಒಂದು ಮಾತು ನೆನಪಿರಲಿ: ಸೂಪರ್‌ಕಂಡಕ್ಟರ್ ವಿದ್ಯುತ್ತನ್ನು ಸೋರದ ಹಾಗೆ ಸಾಗಿಸುತ್ತದೆ, ಹೊಸದಾಗಿ ಹುಟ್ಟಿಸೋದಿಲ್ಲ. "ಸೂಪರ್‌ಕಂಡಕ್ಟರ್‌ನಿಂದ ಹೆಚ್ಚುವರಿ ವಿದ್ಯುತ್" ಅಂತ ಯಾರಾದರೂ ಅಂದರೆ ಅವರು ಮೊದಲನೆಯ ಗುಂಪಿನವರು.

ಈಗ ಮೊದಲ ಕಥೆ. 1986ರಲ್ಲಿ ಸ್ವಿಟ್ಜರ್ಲೆಂಡಿನ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್, ಯಾರೂ ನಿರೀಕ್ಷಿಸದ ಪಿಂಗಾಣಿಯಂಥ ವಸ್ತುವಿನಲ್ಲಿ ಈ ಗುಣ ಕಂಡರು. ಮೊದಮೊದಲು ಅನುಮಾನಪಟ್ಟವರು ಬಹಳ. 1987ರ ಆರಂಭದಲ್ಲಿ ಅಮೆರಿಕದ ಪಾಲ್ ಚು, ಮಾವ್-ಕುಯೆನ್ ವು ಮತ್ತವರ ತಂಡ ಇದನ್ನು 93 ಕೆಲ್ವಿನ್‌ಗೆ, ಅಂದರೆ ಮೈನಸ್ 180 ಡಿಗ್ರಿಗೆ ಏರಿಸಿತು. ಕೆಲವೇ ವಾರಗಳಲ್ಲಿ ಜಗತ್ತಿನ ಹಲವಾರು ಪ್ರಯೋಗಾಲಯಗಳು ಅದೇ ವಸ್ತುವನ್ನು ತಾವೇ ತಯಾರಿಸಿ ಅದೇ ಫಲ ಕಂಡವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಆ ಓಟದಲ್ಲಿತ್ತು. ಬೆಡ್ನೋರ್ಜ್, ಮುಲ್ಲರ್ ಇಬ್ಬರಿಗೂ 1987ರಲ್ಲೇ ನೊಬೆಲ್ ಬಂತು. ನಿಜವಾದ ಕ್ರಾಂತಿ ನಡೆಯೋದು ಹೀಗೆ. ಅನುಮಾನಪಟ್ಟವರ ಕೈಯಲ್ಲೇ ಅದು ಕೆಲಸ ಮಾಡಿ ತೋರಿಸುತ್ತದೆ.

ಎರಡನೆಯ ಕಥೆಯೂ ಅದೇ ಸಂಸ್ಥೆಯದು. 2018ರ ಜುಲೈಯಲ್ಲಿ ಅಲ್ಲಿನ ದೇವ್ ಕುಮಾರ್ ಥಾಪಾ ಮತ್ತು ಅಂಶು ಪಾಂಡೆ ಒಂದು ಪ್ರಬಂಧವನ್ನು ಇಂಟರ್ನೆಟ್ಟಿಗೆ ಏರಿಸಿದರು. ಚಿನ್ನದೊಳಗೆ ಬೆಳ್ಳಿಯ ನ್ಯಾನೊ ಕಣ ಕೂರಿಸಿದ ವಸ್ತು 236 ಕೆಲ್ವಿನ್‌ನಲ್ಲಿ, ಅಂದರೆ ಮೈನಸ್ 37 ಡಿಗ್ರಿಯಲ್ಲಿ, ಮಾಮೂಲಿ ಒತ್ತಡದಲ್ಲೇ ಸೂಪರ್‌ಕಂಡಕ್ಟರ್ ಆಗುತ್ತದೆ ಅನ್ನೋದು ಅದರ ಸಾರ. ಭಾರಿ ಸುದ್ದಿ. ಆಗಸ್ಟ್‌ನಲ್ಲಿ ಅಮೆರಿಕದ ಎಂಐಟಿಯ ಬ್ರಯಾನ್ ಸ್ಕಿನ್ನರ್ ಅನ್ನುವ ಯುವ ಭೌತವಿಜ್ಞಾನಿ ಗ್ರಾಫನ್ನು ಹತ್ತಿರದಿಂದ ನೋಡಿದರು. ಎಲ್ಲಾ ಅಳತೆಯಲ್ಲೂ ಸಣ್ಣಪುಟ್ಟ ಏರುಪೇರು ಇರುತ್ತದೆ, ಹಳೇ ರೇಡಿಯೊದ ಗೊರಗೊರ ಸದ್ದಿನ ಹಾಗೆ. ಅದು ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರೋದಿಲ್ಲ. ಇಲ್ಲಿ ಎರಡು ಬೇರೆ ಬೇರೆ ಅಳತೆಗಳ ಗೊರಗೊರ, ಚುಕ್ಕಿಗೆ ಚುಕ್ಕಿ ಒಂದೇ ಥರ ಇತ್ತು.

ಹಾಗಂದ ಮಾತ್ರಕ್ಕೆ ಮೋಸ ಅಂತ ತೀರ್ಪು ಕೊಡೋಕಾಗಲ್ಲ. ಸಂಶೋಧಕರು ತಮ್ಮ ಮಾತು ಹಿಂತೆಗೆದುಕೊಳ್ಳಲಿಲ್ಲ. 2019ರ ಮೇ ತಿಂಗಳಲ್ಲಿ ಇನ್ನಷ್ಟು ಸಹೋದ್ಯೋಗಿಗಳ ಜೊತೆ ಸೇರಿ, ಹೆಚ್ಚು ಅಳತೆಗಳಿರುವ ಹೊಸ ಆವೃತ್ತಿ ಹಾಕಿದರು. ಆದರೆ 1987ರಲ್ಲಿ ವಾರಗಳಲ್ಲಿ ಆದದ್ದು ಇಲ್ಲಿ ವರ್ಷಗಳಾದರೂ ಆಗಲಿಲ್ಲ. ಬೇರೆಯವರು ತಾವೇ ತಯಾರಿಸಿ, ಅಳೆದು, ಹೌದು ಅಂದದ್ದು ಜಗತ್ತು ಒಪ್ಪುವ ಹಾಗೆ ಬರಲಿಲ್ಲ. ಒಂದೇ ಸಂಸ್ಥೆ, ಎರಡು ಕಥೆ. ಹೆಸರು ನೋಡಿ ನಂಬಬೇಡಿ, ಮರುಪರೀಕ್ಷೆ ನೋಡಿ ಅಂತ ನಾನು ಹೇಳೋದು ಇದಕ್ಕೇ.

ದುಡ್ಡು ಸೇರಿಕೊಂಡಾಗ

ಇಲ್ಲಿಯವರೆಗಿನದು ಪ್ರಯೋಗಾಲಯದ ಮಾತು. ಕಂಪನಿ ಸೇರಿದರೆ ವೇಗ ಬದಲಾಗುತ್ತದೆ. 2023ರ ಜುಲೈಯ ಎಲ್‌ಕೆ-99 ನಿಮಗೆ ನೆನಪಿರಬಹುದು. ಆಯಸ್ಕಾಂತದ ಮೇಲೆ ಅರ್ಧ ತೇಲಿ ನಿಂತ ಕಪ್ಪು ಚೂರಿನ ವಿಡಿಯೊ. ಸೋಲ್ ನಗರದ ಒಂದು ಪುಟ್ಟ ಕಂಪನಿಯ ಸಂಶೋಧಕರು, ಸೀಸ, ತಾಮ್ರ, ರಂಜಕ ಸೇರಿದ ಈ ವಸ್ತು 127 ಡಿಗ್ರಿಯ ಶಾಖದಲ್ಲೂ ಸೂಪರ್‌ಕಂಡಕ್ಟರ್ ಎಂದರು. ಕೊರಿಯಾದ ಷೇರುಪೇಟೆಯಲ್ಲಿ ಸೂಪರ್‌ಕಂಡಕ್ಟರ್ ಜೊತೆ ಹೆಸರು ತಳುಕು ಹಾಕಿಕೊಂಡ ಕಂಪನಿಗಳ ಷೇರು ಜಿಗಿದವು.

ಆಗಸ್ಟ್ ಮುಗಿಯುವಷ್ಟರಲ್ಲಿ ಕಥೆ ಮುಗಿಯಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಅದೇ ವಸ್ತುವನ್ನು ತಯಾರಿಸಿ ನೋಡಿತು, ಸೂಪರ್‌ಕಂಡಕ್ಟರ್ ಗುಣ ಕಾಣಲಿಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಪ್ರಶಾಂತ್ ಜೈನ್ ಒಂದು ಅಂಕಿಯನ್ನು ಗುರುತು ಹಿಡಿದರು. ಎಲ್‌ಕೆ-99ರ ತಡೆ ಥಟ್ಟನೆ ಇಳಿಯುತ್ತಿದ್ದದ್ದು 104 ಡಿಗ್ರಿಯ ಹತ್ತಿರ. ಅದೇ ತಾಪಮಾನದಲ್ಲಿ ತಾಮ್ರದ ಸಲ್ಫೈಡ್ ತನ್ನ ರೂಪ ಬದಲಾಯಿಸುತ್ತದೆ. ಆ ಸಲ್ಫೈಡ್ ಕಲ್ಮಶವಾಗಿ ವಸ್ತುವಿನೊಳಗೆ ಸೇರಿತ್ತು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ಕಲ್ಮಶವಿಲ್ಲದ ಹರಳು ಬೆಳೆಸಿದಾಗ ಅದು ಕರೆಂಟೇ ಹರಿಯದ ನಿರೋಧಕವಾಗಿತ್ತು. ಏರಿದ ಷೇರುಗಳು ಇಳಿದವು. ತುದಿಯಲ್ಲಿ ಕೊಂಡವರ ದುಡ್ಡು ಹೋಯಿತು.

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿದ್ದ ರಂಗಾ ಡಯಾಸ್ ಅವರದು ಇನ್ನೂ ಗಂಭೀರ. 'ನೇಚರ್' ಪತ್ರಿಕೆಯಲ್ಲಿ 2020ರಲ್ಲಿ ಬಂದ ಅವರ ಪ್ರಬಂಧ 2022ರಲ್ಲಿ ರದ್ದಾಯಿತು. 2023ರ ಮಾರ್ಚ್‌ನಲ್ಲಿ ಬಂದ ಇನ್ನೊಂದು ಅದೇ ವರ್ಷದ ನವೆಂಬರ್‌ನಲ್ಲಿ ರದ್ದಾಯಿತು. ಅವರು ಅನ್‌ಅರ್ತ್‌ಲಿ ಮೆಟೀರಿಯಲ್ಸ್ ಎಂಬ ಕಂಪನಿಯನ್ನೂ ಕಟ್ಟಿದ್ದರು. ವಿಶ್ವವಿದ್ಯಾಲಯದ ತನಿಖೆ ಸಂಶೋಧನಾ ದುರ್ನಡತೆ ನಡೆದಿದೆ ಎಂಬ ತೀರ್ಮಾನಕ್ಕೆ ಬಂತು. ದೊಡ್ಡ ಪತ್ರಿಕೆಯಲ್ಲಿ ಅಚ್ಚಾಗೋದೂ ಕೊನೆಯ ಸಾಕ್ಷಿ ಅಲ್ಲ.

ಮೂರನೆಯ ಬಗೆ ಅಂದರೆ, ವಿಜ್ಞಾನ ಸರಿ, ಅಳತೆಯೂ ಸರಿ, ಆದರೆ ನಮ್ಮ ಮನೆಗೆ ಬರೋಕೆ ದೂರ ಇದೆ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಪರಮಾಣು ಬೆಸುಗೆಯ ಪ್ರಯೋಗ ಗೆದ್ದಿತು. ಲೇಸರ್‌ನಿಂದ ಗುರಿಗೆ ಮುಟ್ಟಿದ್ದು 2.05 ಮೆಗಾಜೌಲ್, ಹೊರಬಂದದ್ದು 3.15. ಇದು ನಿಜವಾದ ಸಾಧನೆ. ಆದರೆ ಆ ಲೇಸರ್ ನಡೆಸಲು ವಿದ್ಯುತ್ ಜಾಲದಿಂದ ಎಳೆದುಕೊಂಡದ್ದು ಸುಮಾರು 300 ಮೆಗಾಜೌಲ್. ತಲೆಬರಹದಲ್ಲಿ ಬಂದದ್ದು ಮೊದಲ ಎರಡು ಅಂಕಿ. ಹೀಲಿಯಾನ್ ಎಂಬ ಕಂಪನಿ 2028ಕ್ಕೆ ಬೆಸುಗೆಯ ವಿದ್ಯುತ್ ಕೊಡ್ತೀವಿ ಅಂತ 2023ರಲ್ಲಿ ಮೈಕ್ರೊಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿತು. ಇದನ್ನು ಮೋಸ ಅನ್ನಬೇಕಿಲ್ಲ, ನಂಬಿ ಕುಣಿಯಲೂ ಬೇಕಿಲ್ಲ. ಇನ್ನೂ ಅದು ಒಂದು ಭರವಸೆ. ಲೆಕ್ಕ ತೋರಿಸೋ ದಿನ ಬರಲಿ, ನೋಡೋಣ.

ಕುಂಬಳಕಾಯಿ ಕೇಳಿದ ಮೇಷ್ಟ್ರು

ಇಷ್ಟೆಲ್ಲಾ ಓದಿದಾಗ ನನಗೆ ನೆನಪಾದವರು ಎಚ್. ನರಸಿಂಹಯ್ಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ ಪವಾಡಗಳನ್ನು ವೈಜ್ಞಾನಿಕವಾಗಿ ಪರಿಶೀಲಿಸಲು ಅವರು ಒಂದು ಸಮಿತಿ ಮಾಡಿದರು. ಗಾಳಿಯಿಂದ ಬೂದಿ, ಉಂಗುರ ತೆಗೆಯುವ ಬದಲು ಒಂದು ಕುಂಬಳಕಾಯಿ ತೆಗೆಯಲಿ ಅನ್ನೋ ಅವರ ಸವಾಲು ಹೆಸರಾಯಿತು. ಯಾಕೆ ಕುಂಬಳಕಾಯಿ? ಉಂಗುರ ತೋಳಿನೊಳಗೆ ಅಡಗುತ್ತದೆ, ಕುಂಬಳಕಾಯಿ ಅಡಗೋದಿಲ್ಲ.

ಇದು ನಗೋ ಮಾತಲ್ಲ. ಪರೀಕ್ಷೆ ಹೇಗಿರಬೇಕು ಅನ್ನೋದರ ಪಾಠ. ಏನನ್ನು ತೋರಿಸಬೇಕು ಅಂತ ಮಾರುವವರು ನಿರ್ಧರಿಸಬಾರದು, ನಾವು ನಿರ್ಧರಿಸಬೇಕು. ಅಡಗಿಸಿಡಲು ಆಗದಷ್ಟು ದೊಡ್ಡದನ್ನು ಕೇಳಬೇಕು.

ಕಲ್ಯಾಣ ಮಂಟಪದ ಪೆಟ್ಟಿಗೆಗೆ ಕುಂಬಳಕಾಯಿ ಯಾವುದು? ನಮ್ಮ ಹೊಲದ 5 ಎಚ್‌ಪಿ ಮೋಟರ್. ಅದು ನಡೆಯುವಾಗ ಸುಮಾರು 4500 ವ್ಯಾಟ್ ಎಳೆಯುತ್ತದೆ. 1.2 ಯೂನಿಟ್ಟಿನ ಬ್ಯಾಟರಿ ಕಾಲು ಗಂಟೆಯಲ್ಲಿ ಖಾಲಿ. ಬಲ್ಬಿನ ಜೊತೆ 8-9 ಗಂಟೆ ನಡೆಯೋ ಆಟ ಪಂಪಿನ ಜೊತೆ ಕಾಲು ಗಂಟೆ ನಡೆಯೋದಿಲ್ಲ.

ನಿಮ್ಮ ಮನೆಗೆ ಇಂಥ ಕಂಪನಿ ಬಂದರೆ ಕೇಳಬೇಕಾದ ನಾಲ್ಕು ಪ್ರಶ್ನೆ ಹೇಳ್ತೀನಿ.

ಒಂದು: ಶಕ್ತಿ ಬರೋದು ಎಲ್ಲಿಂದ? ನಿಜವಾದ ವಿದ್ಯುತ್ತಿಗೆ ಒಂದು ಆದಾಯದ ಖಾತೆ ಇರುತ್ತದೆ. ಕೂಡಗಿಗೆ ಕಲ್ಲಿದ್ದಲು, ಆಲಮಟ್ಟಿಗೆ ಮೇಲಿನಿಂದ ಬೀಳುವ ನೀರು, ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಪಾರ್ಕಿಗೆ ಸುಮಾರು 13 ಸಾವಿರ ಎಕರೆಯ ಮೇಲೆ ಬೀಳುವ ಬಿಸಿಲು. "ಎಲ್ಲಿಂದಲೂ ಇಲ್ಲ" ಅಥವಾ "ಅದು ಸೀಕ್ರೆಟ್" ಅಂದರೆ ಎದ್ದು ಬನ್ನಿ.

ಎರಡು: ಅಳೆದವರು ಯಾರು? ಕಂಪನಿಯ ಮೀಟರೋ, ಬೇರೆಯವರ ಮೀಟರೋ?

ಮೂರು: ಪೇಟೆಂಟ್ ಇದೆ ಅಂದರೆ, ಅರ್ಜಿ ಹಾಕಿದ್ದೋ, ಮಂಜೂರಾದದ್ದೋ? ಅರ್ಜಿ ಯಾರು ಬೇಕಾದರೂ ಹಾಕಬಹುದು. ಸಾಮಾನ್ಯವಾಗಿ 18 ತಿಂಗಳ ಮೇಲೆ ಅದು ತಾನಾಗೇ ಪ್ರಕಟವಾಗುತ್ತದೆ. ಆ ಪ್ರಕಟಣೆಯನ್ನೇ ಸರ್ಟಿಫಿಕೇಟ್ ಅಂತ ತೋರಿಸೋರಿದ್ದಾರೆ. ಪ್ರಕೃತಿ ನಿಯಮಕ್ಕೆ ಸ್ಪಷ್ಟವಾಗಿ ವಿರುದ್ಧವಾದದ್ದನ್ನು ಆವಿಷ್ಕಾರ ಎಂದು ಪರಿಗಣಿಸುವಂತಿಲ್ಲ ಎಂದು ನಮ್ಮ 1970ರ ಪೇಟೆಂಟ್ ಕಾಯ್ದೆಯೇ ಹೇಳುತ್ತದೆ.

ನಾಲ್ಕು: ದುಡ್ಡು ಬರೋದು ವಿದ್ಯುತ್ ಮಾರಿಯೋ, ಏಜೆನ್ಸಿ ಮಾರಿಯೋ? ಪುಕ್ಕಟೆ ವಿದ್ಯುತ್ ಮಾಡುವ ಯಂತ್ರ ಇದ್ದವರು ವಿದ್ಯುತ್ತನ್ನೇ ಮಾರಿ ಶ್ರೀಮಂತರಾಗಬಹುದು. ಅವರಿಗೆ ರೈತರ 2 ಲಕ್ಷದ ಡಿಪಾಸಿಟ್ ಯಾಕೆ ಬೇಕು?

ಎತ್ತು ಹೂಡಿ ನೋಡೋದು

ಡೆಮೊ ದಿನಕ್ಕೆ ವಾಪಸ್ ಬರ್ತೀನಿ. ನಾನು ಮೊಬೈಲ್ ಲೆಕ್ಕ ತೋರಿಸಿದೆ. ಕಾಕಾ ಕೇಳಿಸಿಕೊಂಡರು, ಆದರೆ ಮುಖ ನೋಡಿದರೆ ಒಪ್ಪಿದ ಹಾಗೆ ಕಾಣಲಿಲ್ಲ. ವ್ಯಾಟ್-ಅವರ್ ಲೆಕ್ಕ ಅವರಿಗೆ ನನ್ನ ಮಾತು, ಉರಿಯೋ ಬಲ್ಬು ಅವರ ಕಣ್ಣು. ಕೊನೆಗೆ ನಾನು ಕೇಳಿದೆ: "ಕಾಕಾ, ಜಾತ್ರ್ಯಾಗ ಎತ್ತ ತಗೋಳೂ ಮುಂದ ಏನ್ ಮಾಡ್ತೀರಿ?"

"ಹಲ್ ನೋಡ್ತೀವಿ. ನಡಸಿ ನೋಡ್ತೀವಿ. ಹೂಡಿ ನೋಡ್ತೀವಿ."

"ಮಾರಾವ್ರ ಗಾಡಿಗೋ, ನಿಮ್ಮ ಗಾಡಿಗೋ?"

ಅವರು ನನ್ನ ಮುಖ ನೋಡಿದರು. ಎದ್ದು ಸೀದಾ ವೇದಿಕೆ ಹತ್ತಿರ ಹೋದರು. "ಸಾಹೇಬ್ರ, ನಮ್ಮ 5 ಎಚ್‌ಪಿ ಮೋಟರ್ ತರ್ತೀನಿ. ಒಂದ್ ದಿನಾ ಹಚ್ಚಿ ತೋರಸ್ರಿ. ಉಳದ ರೊಕ್ಕ ಅಲ್ಲೇ ಎಣಸ್ತೀನಿ."

"ಅದೆಲ್ಲಾ ಈಗ ಆಗಂಗಿಲ್ರಿ ಯಜಮಾನ್ರ. ಟೆಕ್ನಾಲಜಿ ಸೀಕ್ರೆಟ್ ಅದ. ಡೀಲರ್ ಆದಮ್ಯಾಗ ತೋರಸ್ತೀವಿ."

ಕಾಕಾ ಮತ್ತೇನೂ ಕೇಳಲಿಲ್ಲ. ಬಸ್ಸಿನಲ್ಲಿ ಊರು ಬರುವವರೆಗೂ ಮಾತಾಡಲಿಲ್ಲ. 1 ಲಕ್ಷ 80 ಸಾವಿರ ಉಳಿಯಿತು, ತಂಗಿ ಕಾಲೇಜಿಗೆ ಸೇರಿದಳು. ಕೊಟ್ಟ 20 ಸಾವಿರ ಇವತ್ತಿಗೂ ಬಂದಿಲ್ಲ. ಮೊದಮೊದಲು ಫೋನ್ ಎತ್ತಿ "ಮುಂದಿನ ವಾರ" ಅನ್ನುತ್ತಿದ್ದರು. ಈಗ ಆ ನಂಬರೇ ಹತ್ತೋದಿಲ್ಲ. ದೂರು ಕೊಟ್ಟಿದ್ದೇವೆ. ನಿಮ್ಮಲ್ಲಿ ಯಾರಾದರೂ ಆನ್‌ಲೈನ್‌ನಲ್ಲಿ ಹೀಗೆ ದುಡ್ಡು ಹಾಕಿ ಮೋಸ ಹೋಗಿದ್ದರೆ, ನಾಚಿಕೆಪಟ್ಟು ಸುಮ್ಮನೆ ಕೂರಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ನಾವು ತಡ ಮಾಡಿದ್ವಿ. ಕಾಕಾನಿಗೆ ಅದು ಗೊತ್ತಿರಲಿಲ್ಲ, ಗೊತ್ತಿದ್ದ ನನಗೆ ಹೊಳೆಯಲಿಲ್ಲ.

ಇನ್ನೊಂದು ಮಾತು. ಇಂಥ ಸುದ್ದಿ ಬಂದಾಗ ಕಾಮೆಂಟಿನಲ್ಲಿ "ಇಷ್ಟೂ ತಿಳಿಯಲ್ವಾ" ಅಂತ ನಗೋರಿದ್ದಾರೆ. ಕಾಕಾ ದಡ್ಡರಲ್ಲ. ರಾತ್ರಿ 2 ಗಂಟೆಗೆ ಎದ್ದು ನೀರು ಹಾಯಿಸುವವರಿಗೆ, ಹಗಲು ಬೇಕಾದಾಗ ಕರೆಂಟ್ ಬರುತ್ತದೆ ಅಂದರೆ ಆಸೆ ಆಗದೇ ಇರುತ್ತದೆಯೇ? ಯಾರಿಗೆ ಏನು ಕೊರತೆ ಇದೆ ಅಂತ ನೋಡಿಕೊಂಡೇ ಈ ಕಂಪನಿಗಳು ಬರೋದು. ಕೊರಿಯಾದಲ್ಲಿ ಷೇರು ಕೊಂಡವರಿಗೂ ಒಂದು ಆಸೆ ಇತ್ತು, ಗೊಳಸಂಗಿಯಲ್ಲೂ ಒಂದು ಆಸೆ ಇತ್ತು.

ಈ ಕಥೆ ಹೇಳಲೇ ಅಂತ ಕಾಕಾನನ್ನು ಕೇಳಿದೆ. "ನನ್ನ ಹೆಸರ ಹೇಳಬ್ಯಾಡ, ಸಂಗತಿ ಹೇಳು. ನಾಕ ಮಂದಿ ಉಳದಾರು" ಅಂದರು. ಕಳೆದ ಸಲ ಊರಿಗೆ ಹೋದಾಗ ರಾತ್ರಿ ಪಾಳಿಗೆ ಅವರ ಜೊತೆ ನಾನೂ ಹೊಲಕ್ಕೆ ಹೋಗಿದ್ದೆ. ಕೂಡಗಿ ಕಡೆ ಕೆಂಪು ದೀಪ ಮಿನುಗುತ್ತಿದ್ದವು. ಸ್ಟಾರ್ಟರ್ ಗುಂಡಿ ಒತ್ತುತ್ತಾ ಕಾಕಾ ಅಂದರು: "ಸೋಲಾರ್ ಹಾಕ್ಸಬೇಕಂತ ಮಾಡೀನಿ ತಮ್ಮಾ. ಆದ್ರ ಮೊದಲ, ಹಾಕ್ಸಿದಾವ್ರ ಹೊಲಕ್ಕ ಹೋಗಿ, ನೀರ್ ಎಷ್ಟ ಬೀಳ್ತದ ನೋಡಿ ಬರೂಣು."

ಮುಂದಿನ ರವಿವಾರ ಇಬ್ಬರೂ ಹೋಗ್ತಿದ್ದೀವಿ. ಏನು ಕಂಡ್ವಿ ಅಂತ ಮುಂದಿನ ಸಂಚಿಕೆಯಲ್ಲಿ ಹೇಳ್ತೀನಿ. ಮನೆಯಲ್ಲಿ ಹಿರಿಯರ ವಾಟ್ಸಾಪ್‌ಗೆ ಇಂಥ ವಿಡಿಯೊ ಬಂದಿದ್ದರೆ, ಈ ಸಂಚಿಕೆಯನ್ನು ಅವರ ಪಕ್ಕ ಕೂತು ಕೇಳಿಸಿ.